ನಕ್ಷತ್ರಗಳ ಚಿತ್ರಕ್ಕೆ ಫಿಲ್ಮಿನ ಆಯ್ಕೆ

ರಾತ್ರಿಯ ಆಕಾಶದ ಚಿತ್ರ ತೆಗೆಯಲು ಫಿಲ್ಮು ಕೊಳ್ಳುವವರು ಮೊದಲು ನೋಡುವುದು ಡಬ್ಬಿಯ ಮೇಲಿನ ಐಎಸ್‌ಒ ಅಂಕಿಯನ್ನು. 400 ಎಂದಿದ್ದರೆ 100ಕ್ಕಿಂತ ನಾಲ್ಕು ಪಟ್ಟು ಚುರುಕು, 1600 ಎಂದಿದ್ದರೆ ಇನ್ನೂ ಚುರುಕು ಎಂಬ ಲೆಕ್ಕ ಹಗಲಿಗೆ ಸರಿ. ಕಾರ್ಖಾನೆಯಲ್ಲಿ ಆ ಅಂಕಿಯನ್ನು ಗೊತ್ತುಮಾಡುವುದು ಫಿಲ್ಮಿಗೆ ಸೆಕೆಂಡಿನ ಸಣ್ಣದೊಂದು ಪಾಲಿನಷ್ಟು ಹೊತ್ತು ಬೆಳಕು ತೋರಿಸಿ. ಮದುವೆಯಲ್ಲಿ, ಜಾತ್ರೆಯಲ್ಲಿ ಶಟರ್ ತೆರೆದಿರುವುದೂ ಅಷ್ಟೇ ಹೊತ್ತು. ನೀಹಾರಿಕೆಯ ಚಿತ್ರಕ್ಕಾದರೆ ಅದೇ ಶಟರ್ ಹತ್ತು ನಿಮಿಷ, ಅರ್ಧ ಗಂಟೆ, ಕೆಲವೊಮ್ಮೆ ಅದಕ್ಕೂ ಹೆಚ್ಚು ಹೊತ್ತು ತೆರೆದಿರಬೇಕು. ಅಷ್ಟು ದೀರ್ಘ ಅವಧಿಯಲ್ಲಿ ಫಿಲ್ಮಿನ ನಡವಳಿಕೆಯೇ ಬದಲಾಗುತ್ತದೆ. ಹಗಲಲ್ಲಿ ಮುಂದಿದ್ದ ಫಿಲ್ಮು ರಾತ್ರಿ ಹಿಂದೆ ಬೀಳುವುದುಂಟು. ಹಾಗಾಗಿ ಆಕಾಶಕ್ಕೆ ಫಿಲ್ಮು ಆರಿಸುವವರು ಡಬ್ಬಿಯ ಅಂಕಿಯ ಹಿಂದಿರುವ ಎರಡು ಗುಣಗಳನ್ನು ತಿಳಿಯಬೇಕು: ಮಂದ ಬೆಳಕನ್ನು ಆ ಫಿಲ್ಮು ಎಷ್ಟು ಹೊತ್ತು ಸೋರಗೊಡದೆ ಹಿಡಿದುಕೊಳ್ಳುತ್ತದೆ, ಮತ್ತು ಯಾವ ಬಣ್ಣದ ಬೆಳಕು ಅದಕ್ಕೆ ಕಾಣುತ್ತದೆ.

ಮೊದಲ ಗುಣದ ಕಾರಣ ಫಿಲ್ಮಿನ ಒಳಗೇ ಇದೆ. ಫಿಲ್ಮಿನ ಮೇಲಿನ ಜೆಲಾಟಿನ್ ಲೇಪದಲ್ಲಿ ಸಿಲ್ವರ್ ಬ್ರೋಮೈಡಿನ ಅತಿ ಸಣ್ಣ ಹರಳುಗಳು ಹರಡಿರುತ್ತವೆ. ಬೆಳಕಿನ ಒಂದು ಕಣ, ಅಂದರೆ ಒಂದು ಫೋಟಾನ್, ಹರಳನ್ನು ಸೇರಿದಾಗ ಅಲ್ಲಿ ಬೆಳ್ಳಿಯ ಒಂದು ಪರಮಾಣು ಹುಟ್ಟುತ್ತದೆ. ಒಂಟಿ ಪರಮಾಣು ಅಲ್ಲಿ ಬಹಳ ಹೊತ್ತು ನಿಲ್ಲುವುದಿಲ್ಲ. ಜೊತೆಗೆ ಇನ್ನೊಂದು ಬೇಗ ಬಂದು ಸೇರದಿದ್ದರೆ ಮತ್ತೆ ಹರಳಿನಲ್ಲೇ ಕರಗಿಹೋಗುತ್ತದೆ. ಸುಮಾರು ನಾಲ್ಕು ಪರಮಾಣುಗಳು ಒಂದೆಡೆ ಗುಂಪುಗೂಡಿದರೆ ಮಾತ್ರ ಡೆವಲಪರಿನಲ್ಲಿ ಆ ಹರಳು ಪೂರ್ತಿ ಬೆಳ್ಳಿಯಾಗಿ ಕಪ್ಪಾಗುತ್ತದೆ. ಹಗಲಿನಲ್ಲಿ ಫೋಟಾನುಗಳು ಒಂದರ ಬೆನ್ನಿಗೆ ಒಂದು ಬೀಳುವುದರಿಂದ ಈ ತೊಂದರೆ ಇಲ್ಲ. ನೀಹಾರಿಕೆಯಿಂದ ಬರುವ ಬೆಳಕು ಸೋರುವ ಕೊಡಕ್ಕೆ ಹನಿಹನಿಯಾಗಿ ಬೀಳುವ ನೀರಿನಂತೆ. ಬಿದ್ದದ್ದರಲ್ಲಿ ಬಹುಪಾಲು ನಿಲ್ಲದೆ ಹೋಗುತ್ತದೆ. ಫೋಟೊಗ್ರಾಫರುಗಳು ಈ ಸೋರಿಕೆಯನ್ನು ರೆಸಿಪ್ರಾಸಿಟಿ ಫೇಲ್ಯೂರ್ ಎನ್ನುತ್ತಾರೆ.

ಇದನ್ನು ಮೊದಲು ಲೆಕ್ಕಕ್ಕೆ ತಂದವರು ಖಗೋಳ ವಿಜ್ಞಾನಿಗಳೇ. ಕಾರ್ಲ್ ಶ್ವಾರ್ಟ್ಸ್‌ಚೈಲ್ಡ್ ಎಂಬ ಜರ್ಮನ್ ವಿಜ್ಞಾನಿ ವಿಯೆನ್ನಾದ ಕುಫ್ನರ್ ವೀಕ್ಷಣಾಲಯದಲ್ಲಿ ನಕ್ಷತ್ರಗಳ ಹೊಳಪನ್ನು ಫೋಟೊ ಪ್ಲೇಟುಗಳಿಂದ ಅಳೆಯುತ್ತಿದ್ದ. ಬೆಳಕು ಅರ್ಧಕ್ಕೆ ಇಳಿದಾಗ ಕಾಲವನ್ನು ಎರಡು ಪಟ್ಟು ಮಾಡಿದರೆ ಸಾಲದು ಎಂಬುದು ಅವನ ಅಳತೆಗಳಲ್ಲಿ ಸ್ಪಷ್ಟವಾಯಿತು. 1899ರ ಸುಮಾರಿಗೆ ಅವನು ಕೊಟ್ಟ ಸೂತ್ರದಲ್ಲಿ ಕಾಲಕ್ಕೆ ಒಂದು ಘಾತಾಂಕ ಇದೆ. ಅದು ಒಂದಕ್ಕೆ ಹತ್ತಿರವಿದ್ದಷ್ಟೂ ಫಿಲ್ಮು ದೀರ್ಘ ಎಕ್ಸ್‌ಪೋಷರಿಗೆ ಒಳ್ಳೆಯದು. ಮುಂದೆ ಕಪ್ಪುಕುಳಿಗಳ ಗಣಿತಕ್ಕೆ ಹೆಸರಾದವನೂ ಇದೇ ಶ್ವಾರ್ಟ್ಸ್‌ಚೈಲ್ಡ್.

ತಯಾರಕರ ಕೋಷ್ಟಕಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಇದು ಎಷ್ಟು ದೊಡ್ಡ ಸಂಗತಿ ಎಂದು ತಿಳಿಯುತ್ತದೆ. ಐಎಸ್‌ಒ 400ರ ಫಿಲ್ಮಿಗೆ ಲೆಕ್ಕದ ಪ್ರಕಾರ 100 ಸೆಕೆಂಡ್ ಸಾಕಾಗುವ ದೃಶ್ಯವೊಂದಿದೆ ಎನ್ನೋಣ. ಕೊಡಾಕ್ ಟ್ರೈ-ಎಕ್ಸ್ 400 ಹಾಕಿದರೆ, ಕಂಪನಿಯ ಕೋಷ್ಟಕದಂತೆ, ಆ ನೂರು ಸೆಕೆಂಡು 1200 ಸೆಕೆಂಡ್ ಆಗುತ್ತದೆ, ಅಂದರೆ ಇಪ್ಪತ್ತು ನಿಮಿಷ. ಅದೇ ಕಂಪನಿಯ, ಅದೇ 400 ಅಂಕಿಯ ಟಿ-ಮ್ಯಾಕ್ಸ್ 400 ಆದರೆ 300 ಸೆಕೆಂಡಿಗೆ, ಅಂದರೆ ಐದು ನಿಮಿಷಕ್ಕೆ ಮುಗಿಯುತ್ತದೆ. ಫ್ಯೂಜಿಯ ಅಕ್ರೋಸ್ 100 ನಾಲ್ಕು ಪಟ್ಟು ನಿಧಾನದ ಫಿಲ್ಮು, ಆದ್ದರಿಂದ ಅದಕ್ಕೆ 400 ಸೆಕೆಂಡ್ ಬೇಕು. ಎರಡು ನಿಮಿಷದವರೆಗೆ ಅದಕ್ಕೆ ತಿದ್ದುಪಡಿಯೇ ಬೇಡ, ಅಲ್ಲಿಂದ 1000 ಸೆಕೆಂಡಿನವರೆಗೆ ಅರ್ಧ ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ) ಸಾಕು ಎಂದು ಫ್ಯೂಜಿ ಹೇಳುತ್ತದೆ. ಅರ್ಧ ಸ್ಟಾಪ್ ಸೇರಿಸಿದರೆ ಸುಮಾರು 570 ಸೆಕೆಂಡ್ ಆಗುತ್ತದೆ, ಹತ್ತು ನಿಮಿಷಕ್ಕೂ ಕಡಿಮೆ. ಹೆಸರಿಗೆ ನಾಲ್ಕು ಪಟ್ಟು ಮಂದವಾದ ಫಿಲ್ಮು ಟ್ರೈ-ಎಕ್ಸಿನ ಅರ್ಧ ಹೊತ್ತಿನಲ್ಲಿ ಕೆಲಸ ಮುಗಿಸುತ್ತದೆ, ಜೊತೆಗೆ ಅದರ ಕಣಗಳೂ ಎಷ್ಟೋ ನಯ. ಪತ್ರಿಕಾ ಛಾಯಾಗ್ರಾಹಕರು ದಶಕಗಳ ಕಾಲ ನೆಚ್ಚಿಕೊಂಡ ಟ್ರೈ-ಎಕ್ಸ್ ಕೆಟ್ಟ ಫಿಲ್ಮಲ್ಲ. ಅದನ್ನು ಮಾಡಿರುವುದು ಬೇರೆ ಕೆಲಸಕ್ಕೆ.

ಹಾಗೆಂದು ಆಕಾಶದ ಎಲ್ಲ ಚಿತ್ರಕ್ಕೂ ಈ ಲೆಕ್ಕ ಅನ್ವಯಿಸುವುದಿಲ್ಲ. ಕ್ಯಾಮೆರಾವನ್ನು ಟ್ರೈಪಾಡಿನ ಮೇಲೆ ಅಲುಗದಂತೆ ಇಟ್ಟು ಗಂಟೆಗಟ್ಟಲೆ ಶಟರ್ ತೆರೆದರೆ ನಕ್ಷತ್ರಗಳು ಕಮಾನಿನಂಥ ಗೆರೆಗಳಾಗಿ ಮೂಡುತ್ತವೆ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುವುದರಿಂದ 50 ಮಿ.ಮೀ. ಲೆನ್ಸಿನಲ್ಲಿ ನಕ್ಷತ್ರದ ಬಿಂಬ ಸೆಕೆಂಡಿಗೆ ಸುಮಾರು 3.6 ಮೈಕ್ರಾನ್ ಸರಿಯುತ್ತದೆ. ಬಿಂಬದ ಅಗಲ 25 ಮೈಕ್ರಾನ್ ಇದ್ದರೆ ಫಿಲ್ಮಿನ ಯಾವುದೇ ಒಂದು ಜಾಗಕ್ಕೆ ನಕ್ಷತ್ರದ ಬೆಳಕು ಬೀಳುವುದು ಏಳೇ ಸೆಕೆಂಡು. ಆಮೇಲೆ ಬಿಂಬ ಪಕ್ಕದ ಜಾಗಕ್ಕೆ ಹೋಗಿರುತ್ತದೆ. ನಕ್ಷತ್ರಕ್ಕೆ ಸೋರಿಕೆಯ ತೊಂದರೆ ಹೆಚ್ಚೇನೂ ತಟ್ಟುವುದಿಲ್ಲ. ಅದು ತಟ್ಟುವುದು ಹಿನ್ನೆಲೆಯ ಆಕಾಶದ ಮಸುಕಿಗೆ, ಮತ್ತು ಅದರಿಂದ ಹಿನ್ನೆಲೆ ಕಪ್ಪಾಗಿಯೇ ಉಳಿಯುವುದರಿಂದ ಇಲ್ಲಿ ಅದು ಉಪಕಾರವೇ. ಇಂಥ ಗೆರೆಚಿತ್ರಕ್ಕೆ 100ರ ಯಾವ ಫಿಲ್ಮಾದರೂ ನಡೆಯುತ್ತದೆ. ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಕಾರ್ಖಾನೆಯ ‘ಇಂದು’ ಕಪ್ಪು-ಬಿಳುಪು ರೋಲುಗಳು ಊರೂರಿನ ಸ್ಟುಡಿಯೊಗಳಲ್ಲಿ ಸಿಗುತ್ತಿದ್ದ ಕಾಲದಲ್ಲಿ ಈ ಕೆಲಸಕ್ಕೆ ಅವೂ ಸಾಕಾಗುತ್ತಿದ್ದವು. ಈಗ ಅವುಗಳ ತಯಾರಿಕೆ ನಿಂತಿದೆ.

ಉಲ್ಕೆಗಳದ್ದು ಇನ್ನೊಂದು ಬಗೆ. ಡಿಸೆಂಬರ್ 13–14ರ ಸುಮಾರಿಗೆ ಮಿಥುನ ರಾಶಿಯ ಕಡೆಯಿಂದ ಬೀಳುವ ಉಲ್ಕಾವೃಷ್ಟಿಯಲ್ಲಿ ಒಂದೊಂದು ಗೆರೆಯೂ ಸೆಕೆಂಡಿನೊಳಗೆ ಮೂಡಿ ಮುಗಿಯುತ್ತದೆ. ಅಲ್ಲಿ ದೀರ್ಘಕಾಲದ ಸಹನೆಗೆ ಕೆಲಸವಿಲ್ಲ, ಐಎಸ್‌ಒ 800, 1600ರ ಚುರುಕು ಫಿಲ್ಮು ಮತ್ತು ಎಫ್/2ರಂಥ ದೊಡ್ಡ ಬಾಯಿಯ ಲೆನ್ಸು ಬೇಕು. ಟ್ರೈಪಾಡಿನಿಂದಲೇ ನಕ್ಷತ್ರಪುಂಜವನ್ನು ಚುಕ್ಕಿಗಳಾಗಿ ಹಿಡಿಯಬೇಕೆಂದರೂ ಹತ್ತು ಸೆಕೆಂಡಿಗಿಂತ ಹೆಚ್ಚು ಹೊತ್ತು ಶಟರ್ ತೆರೆಯುವಂತಿಲ್ಲ. ಆಗಲೂ ಚುರುಕು ಫಿಲ್ಮೇ ಸರಿ.

ಎರಡನೆಯ ಗುಣ ಬಣ್ಣದ್ದು. ಇದರ ಕಥೆಯಲ್ಲಿ ಬೆಳಗಾವಿ–ಬಾಗಲಕೋಟೆ ನಾಡಿಗೂ ಪಾಲಿದೆ. 1868ರ ಆಗಸ್ಟ್ 18ರ ಖಗ್ರಾಸ ಸೂರ್ಯಗ್ರಹಣದ ನೆರಳು ಪಶ್ಚಿಮ ಕರಾವಳಿಯಿಂದ ಒಳನುಗ್ಗಿ ಈ ಬಯಲಿನ ಮೇಲೆ ಹಾದು ವಿಜಯಪುರ, ಗುಂಟೂರು, ಮಚಲಿಪಟ್ಟಣದತ್ತ ಹೋಯಿತು. ಅದನ್ನು ನೋಡಲು ಲಂಡನ್ನಿನ ರಾಯಲ್ ಸೊಸೈಟಿಯ ಪರವಾಗಿ ಲೆಫ್ಟಿನೆಂಟ್ ಜಾನ್ ಹರ್ಷೆಲ್ ಬೀಡುಬಿಟ್ಟದ್ದು ಜಮಖಂಡಿಯಲ್ಲಿ. ಬೆಳಗಾವಿ ಜಿಲ್ಲೆಯ ತುಕ್ಕಾನಟ್ಟಿಯಿಂದ ಜಮಖಂಡಿ ನೇರ ಅಳತೆಯಲ್ಲಿ ಸುಮಾರು ಅರವತ್ತು ಕಿಲೋಮೀಟರ್. ನೆರಳಿನ ಪಟ್ಟಿ ಇನ್ನೂರು ಕಿಲೋಮೀಟರಿಗೂ ಅಗಲವಾಗಿದ್ದುದರಿಂದ ಗೋಕಾಕ, ಮೂಡಲಗಿ ಸೀಮೆಯ ಊರುಗಳೂ ಆ ದಿನ ಹಾಡಹಗಲೇ ಕತ್ತಲಾದವು. ಶ್ರಾವಣದ ಮೋಡಗಳ ಸಂದಿಯಲ್ಲಿ ಹರ್ಷೆಲ್ ರೋಹಿತದರ್ಶಕವನ್ನು ಸೂರ್ಯನ ಅಂಚಿನ ಜ್ವಾಲೆಯತ್ತ ತಿರುಗಿಸಿ ಕೆಂಪು, ಕಿತ್ತಳೆ, ನೀಲಿ ಗೆರೆಗಳನ್ನು ಕಂಡ. ಆ ಜ್ವಾಲೆಗಳು ಹೊಳೆಯುವ ಬಿಸಿ ಅನಿಲ ಎಂದು ತೋರಿಸಿದ ಸಾಕ್ಷ್ಯಗಳಲ್ಲಿ ಜಮಖಂಡಿಯದೂ ಒಂದು. ಈ ಹರ್ಷೆಲ್‌ನ ತಂದೆ ಸರ್ ಜಾನ್ ಹರ್ಷೆಲ್. ಇಂದಿಗೂ ಡಾರ್ಕ್‌ರೂಮಿನಲ್ಲಿ ಫಿಲ್ಮನ್ನು ಸ್ಥಿರಗೊಳಿಸುವ ಹೈಪೊ ಬೆಳ್ಳಿಯ ಲವಣಗಳನ್ನು ಕರಗಿಸುತ್ತದೆ ಎಂದು 1819ರಲ್ಲೇ ಕಂಡುಕೊಂಡವನು.

ಅದೇ ಗ್ರಹಣದ ಫೋಟೊಗಳನ್ನು ತೆಗೆದದ್ದು ಗುಂಟೂರಿನಲ್ಲಿ, ಮೇಜರ್ ಟೆನೆಂಟ್‌ನ ತಂಡ. ಆಗ ಫಿಲ್ಮು ಇನ್ನೂ ಹುಟ್ಟಿರಲಿಲ್ಲ. ಗಾಜಿನ ಮೇಲೆ ಕೊಲೋಡಿಯನ್ ಸುರಿದು, ಬೆಳ್ಳಿಯ ದ್ರಾವಣದಲ್ಲಿ ಅದ್ದಿ, ಒದ್ದೆ ಆರುವ ಮೊದಲೇ ಚಿತ್ರ ತೆಗೆದು ತೊಳೆಯಬೇಕಿತ್ತು. ಆ ಪ್ಲೇಟಿಗೆ ಕಾಣುತ್ತಿದ್ದದ್ದು ನೀಲಿ ಮತ್ತು ನೇರಳೆ ಬೆಳಕು ಮಾತ್ರ. ಕಣ್ಣಿಗೆ ಕೆಂಪಗೆ ಉರಿಯುತ್ತಿದ್ದ ಸೌರಜ್ವಾಲೆ ಪ್ಲೇಟಿನ ಮೇಲೆ ಮೂಡಿದ್ದು ತನ್ನ ನೀಲಿ-ನೇರಳೆ ಗೆರೆಗಳಿಂದ. ಅದರ ಮುಖ್ಯವಾದ ಕೆಂಪು ಬೆಳಕಿಗೆ ಪ್ಲೇಟು ಕುರುಡಾಗಿತ್ತು. ಒಣ ಜೆಲಾಟಿನ್ ಪ್ಲೇಟು ಬಂದ ಮೇಲೆ ಗಂಟೆಗಟ್ಟಲೆಯ ಎಕ್ಸ್‌ಪೋಷರ್ ಸಾಧ್ಯವಾಯಿತು. 1880ರಲ್ಲಿ ಹೆನ್ರಿ ಡ್ರೇಪರ್ 51 ನಿಮಿಷ ಬೆಳಕು ತೋರಿಸಿ ಮಹಾವ್ಯಾಧದ ನೀಹಾರಿಕೆಯನ್ನು ಮೊದಲ ಬಾರಿಗೆ ಹಿಡಿದ. 1883ರಲ್ಲಿ ಆಂಡ್ರ್ಯೂ ಕಾಮನ್ ತೆಗೆದ ಚಿತ್ರದಲ್ಲಿ ದೂರದರ್ಶಕದಲ್ಲೂ ಕಣ್ಣಿಗೆ ಕಾಣದ ನಕ್ಷತ್ರಗಳು ಮೂಡಿದವು. ಇವೆರಡಕ್ಕೂ ಮೊದಲೇ, 1873ರಲ್ಲಿ, ಹರ್ಮನ್ ಫೋಗೆಲ್ ಲೇಪಕ್ಕೆ ಬಣ್ಣದ ರಸ ಬೆರೆಸಿದರೆ ಹಸಿರು, ಹಳದಿ ಬೆಳಕೂ ದಾಖಲಾಗುತ್ತದೆ ಎಂದು ತೋರಿಸಿದ್ದ. ಕೆಂಪನ್ನೂ ಕಾಣುವ ಪ್ಯಾಂಕ್ರೊಮ್ಯಾಟಿಕ್ ಫಿಲ್ಮು ಆ ದಾರಿಯಲ್ಲೇ ಬಂತು.

ಕೆಂಪು ಇಷ್ಟು ಮುಖ್ಯವಾಗುವುದಕ್ಕೆ ಕಾರಣ ಹೈಡ್ರೊಜನ್. ಆಕಾಶಗಂಗೆಯ ಉದ್ದಕ್ಕೂ ಹರಡಿರುವ ಹೊಳೆಯುವ ನೀಹಾರಿಕೆಗಳು ಬಹುಪಾಲು ಹೈಡ್ರೊಜನ್ ಮೋಡಗಳು. ಅವು ಹೆಚ್ಚು ಬೆಳಕು ಚೆಲ್ಲುವುದು 656.3 ನ್ಯಾನೊಮೀಟರಿನ ಕಡುಗೆಂಪು ಗೆರೆಯಲ್ಲಿ, ಹೈಡ್ರೊಜನ್-ಆಲ್ಫಾದಲ್ಲಿ. ಮುಖದ ಫೋಟೊಗೆ ಆ ಕಡುಗೆಂಪು ಅಷ್ಟಾಗಿ ಬೇಡವಾದ್ದರಿಂದ ಎಷ್ಟೋ ಫಿಲ್ಮುಗಳ ಗ್ರಹಣಶಕ್ತಿ ಅಲ್ಲಿಗೆ ಮುಟ್ಟುವ ಮೊದಲೇ ಕುಸಿದಿರುತ್ತದೆ. ಮೇಲೆ ಹೊಗಳಿದ ಅಕ್ರೋಸ್‌ನ ದೌರ್ಬಲ್ಯವೂ ಇದೇ. ನಕ್ಷತ್ರಗುಚ್ಛ, ಧೂಮಕೇತು, ದೇವಯಾನಿ ಗ್ಯಾಲಕ್ಸಿಗೆ ಅದು ಚೆನ್ನ. ಕೆಂಪು ನೀಹಾರಿಕೆಗೆ ಅದನ್ನು ಹಾಕಿದರೆ ನಿರಾಸೆ ಖಂಡಿತ. ಕೊಳ್ಳುವ ಮುನ್ನ ತಯಾರಕರ ಮಾಹಿತಿಪತ್ರದಲ್ಲಿ ಬಣ್ಣಗ್ರಹಣದ ವಕ್ರರೇಖೆ 650 ನ್ಯಾನೊಮೀಟರ್ ದಾಟಿ ಎತ್ತರದಲ್ಲೇ ಇದೆಯೇ ಎಂದು ನೋಡುವುದು ಎಲ್ಲಕ್ಕಿಂತ ನಂಬಲರ್ಹ ಪರೀಕ್ಷೆ. ಬಣ್ಣದ ಫಿಲ್ಮುಗಳಲ್ಲಿ ಇನ್ನೊಂದು ಕೊರತೆಯಿದೆ. ಆಮ್ಲಜನಕದ ಹಸಿರು-ನೀಲಿ ಗೆರೆ 500.7 ನ್ಯಾನೊಮೀಟರಿನಲ್ಲಿದೆ, ನೀಲಿ ಪದರ ಮುಗಿದು ಹಸಿರು ಪದರ ಮೊದಲಾಗುವ ತಗ್ಗು ಸರಿಯಾಗಿ ಅದರ ಹತ್ತಿರವೇ ಬೀಳುತ್ತದೆ. ದೂರದರ್ಶಕದಲ್ಲಿ ಹಸಿರಾಗಿ ಕಾಣುವ ಮಹಾವ್ಯಾಧ ನೀಹಾರಿಕೆಯ ನಡುಭಾಗ ಫೋಟೊದಲ್ಲಿ ಗುಲಾಬಿಯಾಗಿ ಬರುವುದರಲ್ಲಿ ಈ ತಗ್ಗಿನ ಪಾಲೂ ಇದೆ.

ವೃತ್ತಿಪರ ವೀಕ್ಷಣಾಲಯಗಳಿಗಾಗಿ ಕೊಡಾಕ್ ಕಂಪನಿ ಬೇರೆಯೇ ಪ್ಲೇಟುಗಳನ್ನು ಮಾಡುತ್ತಿತ್ತು. ಅವುಗಳ ಹೆಸರಿನಲ್ಲಿಯೇ ಗುಣ ಬರೆದಿರುತ್ತಿತ್ತು. 103ಎ-ಒ ಎಂದರೆ ದೀರ್ಘ ಎಕ್ಸ್‌ಪೋಷರಿಗೆ ತಕ್ಕ, ನೀಲಿಗೆ ಸ್ಪಂದಿಸುವ ಪ್ಲೇಟು. 103ಎ-ಇ ಕೆಂಪಿಗೆ ಸ್ಪಂದಿಸುವಂಥದ್ದು. ನಡುವಿನ ‘ಎ’ ಅಕ್ಷರವೇ ದೀರ್ಘಕಾಲದ ಗುರುತು. ಅಮೆರಿಕದ ಪಾಲೊಮಾರ್ ಬೆಟ್ಟದ 48 ಇಂಚಿನ ಶ್ಮಿಟ್ ದೂರದರ್ಶಕ 1949ರಿಂದ ಆಕಾಶದ ಸಮೀಕ್ಷೆ ನಡೆಸಿದ್ದು ಈ ಜೋಡಿಯಿಂದಲೇ.

ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಆಡಳಿತದಲ್ಲಿರುವ ಕೊಡೈಕನಾಲ್ ವೀಕ್ಷಣಾಲಯದ ಆಯ್ಕೆ ಇದಕ್ಕೆ ತದ್ವಿರುದ್ಧ. ಅಲ್ಲಿ 1904ರಿಂದ ಸೂರ್ಯನ ಚಿತ್ರ ತೆಗೆಯಲಾಗುತ್ತಿದೆ. ಸೂರ್ಯನಲ್ಲಿ ಬೆಳಕಿಗೆ ಬರವಿಲ್ಲ. ಬೇಕಾದದ್ದು ಕಲೆಗಳ ಅಂಚು ಕಡೆದಂತೆ ಕಾಣುವ ಕಾಂಟ್ರಾಸ್ಟು. ಹಾಗಾಗಿ ನಿಧಾನದ, ಗಡುಸಾದ ಲ್ಯಾಂಟರ್ನ್ ಪ್ಲೇಟುಗಳನ್ನು ಬಳಸಿದರು. 1918ರ ನಂತರದ ಉಪಕರಣದಲ್ಲಿ ಸೂರ್ಯಬಿಂಬವೇ 20 ಸೆಂಟಿಮೀಟರ್ ಅಗಲ ಬೀಳುತ್ತಿತ್ತು. 1975ರಲ್ಲಿ ಗಾಜಿನ ಜಾಗಕ್ಕೆ ಹೆಚ್ಚು ಕಾಂಟ್ರಾಸ್ಟಿನ ಫಿಲ್ಮು ಬಂತು. ಅದೇ ಸಂಸ್ಥೆಯ ಕಾವಲೂರು ವೀಕ್ಷಣಾಲಯದಲ್ಲಿ 45 ಸೆಂಟಿಮೀಟರಿನ ಶ್ಮಿಟ್ ದೂರದರ್ಶಕದಿಂದ ಆಕಾಶದ ಒಂದೇ ಭಾಗವನ್ನು ಮತ್ತೆ ಮತ್ತೆ ಚಿತ್ರಿಸಿ ಹೋಲಿಸುತ್ತಿದ್ದಾಗ, 1988ರ ಫೆಬ್ರುವರಿ 17ರಂದು ಆರ್. ರಾಜಮೋಹನ್ ಅವರಿಗೆ ಹೊಸ ಕ್ಷುದ್ರಗ್ರಹವೊಂದು ಸಿಕ್ಕಿತು. ಅದಕ್ಕೆ 4130 ರಾಮಾನುಜನ್ ಎಂದು ಹೆಸರಾಯಿತು.

ಹವ್ಯಾಸಿಗಳ ಕೈಗೆ ಸಿಕ್ಕ ಫಿಲ್ಮುಗಳಲ್ಲಿ ಅತಿ ಹೆಚ್ಚು ಗೌರವ ಪಡೆದದ್ದು ಕೊಡಾಕ್ ಟೆಕ್ನಿಕಲ್ ಪ್ಯಾನ್ 2415. ಅದು ಮೂಲತಃ ಸೂರ್ಯನ ಚಿತ್ರಕ್ಕಾಗಿ ಹುಟ್ಟಿದ ಫಿಲ್ಮು. ಕಣಗಳು ಬಹಳ ನಯ, ಹೈಡ್ರೊಜನ್-ಆಲ್ಫಾವನ್ನೂ ದಾಟಿ ಹೋಗುವ ಕೆಂಪಿನ ಗ್ರಹಣಶಕ್ತಿ, ಬೇಕಾದಷ್ಟು ಕಾಂಟ್ರಾಸ್ಟು. ಆದರೆ ಹಾಗೆಯೇ ಹಾಕಿದರೆ ದೀರ್ಘ ಎಕ್ಸ್‌ಪೋಷರಿನಲ್ಲಿ ಬಹಳ ಸೋರುತ್ತಿತ್ತು. ಅದಕ್ಕೆ ಕಂಡ ಉಪಾಯವೆಂದರೆ ಫಿಲ್ಮನ್ನು ಮುಚ್ಚಿದ ಪಾತ್ರೆಯಲ್ಲಿಟ್ಟು, ಗಾಳಿ ಎಳೆದು, 8 ಪಾಲು ಹೈಡ್ರೊಜನ್ 92 ಪಾಲು ನೈಟ್ರೊಜನ್ ಸೇರಿದ ಅನಿಲದಲ್ಲಿ ಗಂಟೆಗಟ್ಟಲೆ ಬಿಸಿ ಮಾಡುವುದು. ಜೆಲಾಟಿನ್ನಿನಲ್ಲಿ ಅಡಗಿದ್ದ ನೀರು ಮತ್ತು ಆಮ್ಲಜನಕ ಹೊರಹೋಗುತ್ತದೆ, ಒಂಟಿ ಬೆಳ್ಳಿ ಪರಮಾಣು ಹೆಚ್ಚು ಹೊತ್ತು ನಿಲ್ಲುತ್ತದೆ. ಹೀಗೆ ಹದಮಾಡಿದ ಫಿಲ್ಮು ಸೆಖೆ ತಾಗಿದರೆ ಬೇಗ ಮಂಕಾಗುವುದರಿಂದ ಫ್ರೀಜರಿನಲ್ಲೇ ಇರಬೇಕು. ಟೆಕ್ನಿಕಲ್ ಪ್ಯಾನ್ ತಯಾರಿಕೆಯನ್ನು ಕೊಡಾಕ್ 2004ರಲ್ಲಿ ನಿಲ್ಲಿಸಿತು. ಅದರ ಜಾಗವನ್ನು ಪೂರ್ತಿ ತುಂಬುವ ಫಿಲ್ಮು ಆಮೇಲೆ ಬರಲಿಲ್ಲ ಎಂಬುದು ಈ ಕಲೆಗೆ ಆದ ನಿಜವಾದ ನಷ್ಟ. ಬಣ್ಣದಲ್ಲಿ ಅಂಥ ಸ್ಥಾನ ಕೊಡಾಕ್‌ನ ಎಕ್ಟಾಕ್ರೋಮ್ ಇ200 ಸ್ಲೈಡ್ ಫಿಲ್ಮಿನದಾಗಿತ್ತು. ತೊಳೆಯುವಾಗ ಒಂದೆರಡು ಸ್ಟಾಪ್ ಪುಶ್ ಮಾಡಿಸಿದರೂ, ಅಂದರೆ ಡೆವಲಪರಿನಲ್ಲಿ ಹೆಚ್ಚು ಹೊತ್ತು ಇರಿಸಿದರೂ, ಅದು ಕೆಡುತ್ತಿರಲಿಲ್ಲ, ಕೆಂಪು ನೀಹಾರಿಕೆಗಳನ್ನು ಚೆನ್ನಾಗಿ ಎತ್ತಿಕೊಡುತ್ತಿತ್ತು. ಅದೂ ಈಗಿಲ್ಲ.

ಈಗ ಸಿಗುವವುಗಳಲ್ಲಿ ಆರಿಸುವುದಾದರೆ, ಸ್ಲೈಡ್ ಬೇಕೆನ್ನುವವರಿಗೆ ಫ್ಯೂಜಿಯ ಪ್ರೊವಿಯಾ 100ಎಫ್ ಮೊದಲ ಆಯ್ಕೆಯಾಗಬೇಕು. 128 ಸೆಕೆಂಡಿನವರೆಗೆ ಅದಕ್ಕೆ ಯಾವ ತಿದ್ದುಪಡಿಯೂ ಬೇಡ. ಅದೇ ಕಂಪನಿಯ ವೆಲ್ವಿಯಾ 50 ಹಗಲಿನ ನಿಸರ್ಗಚಿತ್ರಗಳಿಗೆ ಅಷ್ಟೊಂದು ಹೆಸರಾಗಿದ್ದರೂ, 4 ಸೆಕೆಂಡಿಗೇ ತಿದ್ದುಪಡಿ ಕೇಳುತ್ತದೆ, 64 ಸೆಕೆಂಡಿನ ಎಕ್ಸ್‌ಪೋಷರನ್ನು ಕಂಪನಿಯೇ ಬೇಡವೆನ್ನುತ್ತದೆ. ಕೊಡಾಕ್ 2018ರಲ್ಲಿ ಮತ್ತೆ ತಂದ ಎಕ್ಟಾಕ್ರೋಮ್ ಇ100 ಇನ್ನೊಂದು ಆಯ್ಕೆ. ನೆಗೆಟಿವ್ ಬಣ್ಣದ ಫಿಲ್ಮಿನಲ್ಲಿ ಪೋರ್ಟ್ರಾ 400, 800 ಬಳಕೆಯಲ್ಲಿವೆ. ಸಿನಿಮಾ ಫಿಲ್ಮಿನ ಹಿಂಬದಿಯ ಕಪ್ಪು ಪದರ ತೆಗೆದು ಮಾರುವ ಸಿನೆಸ್ಟಿಲ್ 800ಟಿಯಲ್ಲಿ ಹೊಳೆಯುವ ನಕ್ಷತ್ರಗಳ ಸುತ್ತ ಕೆಂಪು ಪ್ರಭೆ ಮೂಡುತ್ತದೆ. ಬೆಳಕು ಫಿಲ್ಮಿನ ಬೆನ್ನಿಗೆ ತಾಗಿ ಮರಳುವುದನ್ನು ತಡೆಯುತ್ತಿದ್ದದ್ದು ಆ ಕಪ್ಪು ಪದರವೇ. ಕಪ್ಪು-ಬಿಳುಪಿನಲ್ಲಿ ಟಿ-ಮ್ಯಾಕ್ಸ್ 400 ಮತ್ತು ಅಕ್ರೋಸ್ ಬಳಗದ, 2019ರಲ್ಲಿ ಮರಳಿ ಬಂದ ಅಕ್ರೋಸ್-2 ಇವೆ. ಕಡುಗೆಂಪಿಗೆ ಇಲ್ಫೋರ್ಡ್ ಎಸ್‌ಎಫ್‌ಎಕ್ಸ್ 200ರಂಥ, ಕೆಂಪಿನಾಚೆಗೂ ಕಾಣುವ ಫಿಲ್ಮನ್ನು ಪರೀಕ್ಷಿಸಿ ನೋಡಬಹುದು.

ಸ್ಲೈಡೋ ನೆಗೆಟಿವ್ವೋ ಎಂಬುದು ವಸ್ತುವಿನ ಮೇಲೆ ನಿಲ್ಲುತ್ತದೆ. ಖಗ್ರಾಸ ಗ್ರಹಣದಲ್ಲಿ ಸೂರ್ಯನ ಸುತ್ತಲಿನ ಪ್ರಭೆಯಾದ ಕರೋನಾದ ಒಳಭಾಗ ಅದರ ಹೊರಭಾಗಕ್ಕಿಂತ ಸಾವಿರ ಪಟ್ಟು ಮಿಗಿಲಾಗಿ ಬೆಳಗುತ್ತಿರುತ್ತದೆ. 1980ರ ಫೆಬ್ರುವರಿ 16ರ ಗ್ರಹಣ ಅಂಕೋಲಾ, ಹುಬ್ಬಳ್ಳಿ, ಗದಗ, ರಾಯಚೂರಿನ ಮೇಲೆ ಹಾದಾಗ ರಾಯಚೂರು ಜಿಲ್ಲೆಯ ಜವಳಗೇರಾದಂಥ ಊರುಗಳಲ್ಲಿ ವಿಜ್ಞಾನಿಗಳು ಬೀಡುಬಿಟ್ಟಿದ್ದರು. ಗೋಕಾಕ ಭಾಗ ಅಂದಿನ ಪೂರ್ಣ ನೆರಳಿನಿಂದ ಉತ್ತರಕ್ಕೆ ಉಳಿದು ಪಾರ್ಶ್ವಗ್ರಹಣವನ್ನಷ್ಟೇ ಕಂಡಿತು. ಪೂರ್ಣಗ್ರಹಣ ಇದ್ದದ್ದು ಮೂರು ನಿಮಿಷದೊಳಗೆ. ಅಂಥ ಹೊತ್ತಿನಲ್ಲಿ ಎಕ್ಸ್‌ಪೋಷರ್ ಸ್ವಲ್ಪ ತಪ್ಪಿದರೂ ಸಹಿಸಿಕೊಳ್ಳುವ ನೆಗೆಟಿವ್ ಫಿಲ್ಮು ಕಾಪಾಡುತ್ತದೆ. ಚಂದ್ರನಿಗೆ ಸ್ಲೈಡ್ ಚೆನ್ನ: ಹುಣ್ಣಿಮೆಯ ಚಂದ್ರ ಬಿಸಿಲು ಬಿದ್ದ ಕಲ್ಲೇ ಆದ್ದರಿಂದ 100ರ ಫಿಲ್ಮಿಗೆ ಎಫ್/11ರಲ್ಲಿ ಸೆಕೆಂಡಿನ ನೂರನೇ ಒಂದು ಪಾಲು ಸಾಕು, ನಯವಾದ ಕಣಗಳಿಂದ ಕುಳಿಗಳ ಅಂಚು ಸ್ಪಷ್ಟವಾಗಿ ಬರುತ್ತದೆ. ನೀಹಾರಿಕೆ, ಆಕಾಶಗಂಗೆಗಳ ವಿಷಯದಲ್ಲಿ ಸ್ಲೈಡಿಗೆ ಇನ್ನೊಂದು ಅನುಕೂಲವಿದೆ. ತೊಳೆದ ಮೇಲೆ ಫಿಲ್ಮಿನ ಮೇಲಿರುವುದೇ ಚಿತ್ರ. ನೆಗೆಟಿವನ್ನು ಲ್ಯಾಬಿನ ಯಂತ್ರ ಮುದ್ರಿಸಿದಾಗ ಕಪ್ಪು ಆಕಾಶವನ್ನು ತಪ್ಪೆಂದು ತಿಳಿದು ಬೂದು ಮಾಡಿಬಿಡುತ್ತದೆ.

ತುಕ್ಕಾನಟ್ಟಿಯಂಥ ಊರಿನ ಆಕಾಶವೂ ಆಯ್ಕೆಯಲ್ಲಿ ಕೈಹಾಕುತ್ತದೆ. ಇಲ್ಲಿಯ ಅಕ್ಷಾಂಶ 16 ಡಿಗ್ರಿಯ ಆಸುಪಾಸು. ಧ್ರುವ ನಕ್ಷತ್ರ ಉತ್ತರದಲ್ಲಿ 16 ಡಿಗ್ರಿ ಎತ್ತರಕ್ಕಷ್ಟೇ ಇರುತ್ತದೆ. ಅದಕ್ಕೆ ಬದಲಾಗಿ ದಕ್ಷಿಣದ ಸಂಪತ್ತು ಮೇಲೆ ಬರುತ್ತದೆ. ಯುರೋಪಿನ ಬಹುಪಾಲು ಜನಕ್ಕೆ ಎಂದೂ ಉದಯಿಸದ ಒಮೇಗಾ ಸೆಂಟಾರಿ ನಕ್ಷತ್ರಗುಚ್ಛ ಇಲ್ಲಿ 26 ಡಿಗ್ರಿ ಎತ್ತರಕ್ಕೇರುತ್ತದೆ. ವೃಶ್ಚಿಕ, ಧನು ರಾಶಿಗಳ ನಡುವಿನ ಆಕಾಶಗಂಗೆಯ ದಟ್ಟ ಭಾಗ ಅರ್ಧ ಆಕಾಶದವರೆಗೆ ಬರುತ್ತದೆ. ಅದನ್ನು ಹಿಡಿಯಲು ಸರಿಯಾದ ಕಾಲ ಫೆಬ್ರುವರಿಯಿಂದ ಮೇವರೆಗಿನ ಬೆಳಗಿನ ಜಾವ, ಮಳೆಗಾಲ ಹಿಡಿಯುವ ಮುನ್ನ. ಮಹಾವ್ಯಾಧ, ಕೃತ್ತಿಕಾ ಮೇಲಿರುವ ಚಳಿಗಾಲದಲ್ಲಿ ಕಬ್ಬು ನುರಿಸುವ ಹಂಗಾಮೂ ನಡೆದಿರುತ್ತದೆ. ಕಾರ್ಖಾನೆಗಳ ದೀಪ, ರವದಿ ಸುಟ್ಟ ಹೊಗೆ, ಘಟಪ್ರಭೆಯ ಕಾಲುವೆ ನೀರು ಹರಿದ ಹೊಲಗಳ ಮಂಜು ಮೂರೂ ಸೇರಿ ದಿಗಂತದ ಆಕಾಶವನ್ನು ಬೆಳಗಿಸುತ್ತವೆ. ಇಂಥ ರಾತ್ರಿಗಳಿಗೆ ಕಪ್ಪು-ಬಿಳುಪು ಫಿಲ್ಮು ಮತ್ತು ಗಾಢ ಕೆಂಪು ಫಿಲ್ಟರಿನ ಜೋಡಿಗೆ ಸಮಾನವಿಲ್ಲ. ಫಿಲ್ಟರು ದೀಪಗಳ ಹಳದಿ, ನೀಲಿ ಬೆಳಕನ್ನು ತಡೆದು ಹೈಡ್ರೊಜನ್ನಿನ ಕೆಂಪನ್ನು ಒಳಬಿಡುತ್ತದೆ. ಫಿಲ್ಮು ಕೆಂಪು ಕಾಣುವಂಥದ್ದಾಗಿರಬೇಕು ಅಷ್ಟೆ.

ಹತ್ತು ನಿಮಿಷದ ಎಕ್ಸ್‌ಪೋಷರಿಗೆ ಕ್ಯಾಮೆರಾ ನಕ್ಷತ್ರಗಳ ಜೊತೆ ತಿರುಗಬೇಕು. ಅದಕ್ಕೆ ದುಬಾರಿ ಉಪಕರಣವೇ ಬೇಕೆಂದಿಲ್ಲ. ಎರಡು ಹಲಗೆಗಳನ್ನು ಬಿಜಾಗರಿಯಿಂದ ಕೂಡಿಸಿ, ಬಿಜಾಗರಿಯಿಂದ 22.9 ಸೆಂಟಿಮೀಟರ್ ದೂರದಲ್ಲಿ ಕೆಳಗಿನ ಹಲಗೆಗೆ ನಟ್ಟು ಕೂರಿಸಿ, ಅದರೊಳಗೆ ಮಿಲಿಮೀಟರಿಗೊಂದು ಸುತ್ತು ಇರುವ 6 ಮಿ.ಮೀ. ಬೋಲ್ಟು ಏರಿಸಬೇಕು. ಬಿಜಾಗರಿಯ ಕಡ್ಡಿ ನೆಲದಿಂದ 16 ಡಿಗ್ರಿ ಓರೆಯಾಗಿ ಧ್ರುವದತ್ತ ನೋಡುತ್ತಿರಬೇಕು. ನಿಮಿಷಕ್ಕೆ ಒಂದು ಸುತ್ತಿನಂತೆ ಬೋಲ್ಟು ತಿರುಗಿಸಿದರೆ ಮೇಲಿನ ಹಲಗೆ ಆಕಾಶದ ವೇಗದಲ್ಲೇ ತೆರೆದುಕೊಳ್ಳುತ್ತದೆ. ಊರಿನ ಬಡಿಗರು ಒಂದು ಮಧ್ಯಾಹ್ನದಲ್ಲಿ ಮಾಡಿಕೊಡುವ ಈ ಸಾಧನದಲ್ಲಿ 50 ಮಿ.ಮೀ. ಲೆನ್ಸು, ಎಫ್/2.8, ಟಿ-ಮ್ಯಾಕ್ಸ್ 400 ಅಥವಾ ಪ್ರೊವಿಯಾ ಹಾಕಿ ಆಕಾಶಗಂಗೆಯ ಕಪ್ಪು ಬಿರುಕುಗಳವರೆಗೂ ತೆಗೆಯಬಹುದು. ಕ್ಯಾಮೆರಾ ಶಟರಿಗೆ ಬ್ಯಾಟರಿ ಬೇಡದ ಹಳೆಯ ಪೆಂಟಾಕ್ಸ್ ಕೆ1000, ಜೆನಿಟ್‌ನಂಥದ್ದಾದರೆ ಒಳ್ಳೆಯದು. ಶಟರನ್ನು ‘ಬಿ’ಯಲ್ಲಿಟ್ಟು ಎಷ್ಟು ಹೊತ್ತಾದರೂ ತೆರೆದಿಡಬಹುದು.

ಫಿಲ್ಮು ಆರಿಸಿದ ಮೇಲೆ ಅದನ್ನು ಕಾಪಾಡುವ ಕೆಲಸ. ಗೋಕಾಕ ಸೀಮೆಯ ಬೇಸಿಗೆಯಲ್ಲಿ ಚುರುಕು ಫಿಲ್ಮು ಕಪಾಟಿನಲ್ಲೇ ಮಂಕು ಹಿಡಿಯುತ್ತದೆ. ಐಎಸ್‌ಒ ಹೆಚ್ಚಿದಷ್ಟೂ ಬೇಗ. ರೋಲುಗಳು ಡಬ್ಬಿ ಸಮೇತ ಫ್ರಿಜ್ಜಿನಲ್ಲಿರಬೇಕು. ಹೊರತೆಗೆದ ಮೇಲೆ ಒಂದೆರಡು ಗಂಟೆ ಮುಚ್ಚಳ ತೆರೆಯಬಾರದು, ತೆರೆದರೆ ತಣ್ಣನೆಯ ಫಿಲ್ಮಿನ ಮೇಲೆ ನೀರು ಹನಿಗಟ್ಟುತ್ತದೆ. ರಾತ್ರಿಯ ತೇವ ಹೀರಿ ಫಿಲ್ಮು ಎಕ್ಸ್‌ಪೋಷರಿನ ನಡುವೆಯೇ ಸ್ವಲ್ಪ ಉಬ್ಬುವುದೂ ಉಂಟು, ಆಗ ನಕ್ಷತ್ರಗಳು ಜೋಡಿಯಾಗಿ ಬರುತ್ತವೆ. ಫಿಲ್ಮನ್ನು ಮುಂದಕ್ಕೆ ಸುತ್ತಿ ಕೆಲವು ನಿಮಿಷ ಬಿಟ್ಟು ಶಟರ್ ತೆರೆದರೆ ಇದು ಕಡಿಮೆಯಾಗುತ್ತದೆ.

ಕಪ್ಪು-ಬಿಳುಪನ್ನು ಮನೆಯಲ್ಲೇ ತೊಳೆಯಬಹುದು. ಡಿ-76 ಡೆವಲಪರಿಗೆ 20 ಡಿಗ್ರಿ ಸೆಲ್ಸಿಯಸ್ ಬೇಕು, ಏಪ್ರಿಲಿನಲ್ಲಿ ಟಾಕಿಯ ನೀರು ಅದಕ್ಕಿಂತ ಎಷ್ಟೋ ಬಿಸಿ ಇರುತ್ತದೆ. ಗಡಿಗೆಯ ನೀರು, ಬೋಗುಣಿಯಲ್ಲಿ ಮಂಜುಗಡ್ಡೆ, ಒಂದು ಥರ್ಮಾಮೀಟರು ಇದ್ದರೆ ಸಾಕು. ಸ್ಲೈಡನ್ನು ಇ-6 ವಿಧಾನದಲ್ಲಿ ತೊಳೆಯುವವರು ಈಗ ದೊಡ್ಡ ಊರುಗಳಲ್ಲಷ್ಟೇ ಇದ್ದಾರೆ, ರೋಲನ್ನು ಅಲ್ಲಿಗೇ ಕಳಿಸಬೇಕು. ಕಳಿಸುವ ರೋಲಿನ ಮೊದಲ ಫ್ರೇಮಿನಲ್ಲಿ ಹಗಲಿನ ಮಾಮೂಲಿ ಚಿತ್ರವೊಂದು ಇರಲೇಬೇಕು. ಕಪ್ಪು ಆಕಾಶದ ಫ್ರೇಮುಗಳ ಅಂಚು ಎಲ್ಲಿದೆಯೆಂದು ಲ್ಯಾಬಿನವರಿಗೆ ಕಾಣದು. ಆ ಒಂದು ಚಿತ್ರದಿಂದ ಅಳತೆ ಸಿಗುತ್ತದೆ, ಇಲ್ಲವಾದರೆ ಕತ್ತರಿ ನೀಹಾರಿಕೆಯ ನಡುವೆಯೇ ಹಾಯಬಹುದು. ಕವರಿನ ಮೇಲೆ ‘ಕತ್ತರಿಸಬೇಡಿ, ಉದ್ದ ಪಟ್ಟಿಯಾಗಿಯೇ ಕೊಡಿ’ ಎಂದು ದಪ್ಪ ಅಕ್ಷರದಲ್ಲಿ ಬರೆದು, ಪುಶ್ ಮಾಡಬೇಕಿದ್ದರೆ ಎಷ್ಟು ಸ್ಟಾಪ್ ಎಂಬುದನ್ನೂ ಅದರ ಕೆಳಗೇ ಬರೆಯಬೇಕು.